ಟ್ರೇಲರಿನ ಮೂತಿ ಎತ್ತಿ ನೋಡುವುದು

ಹೋದ ತಿಂಗಳು ಒಂದು ಮುಂಜಾನೆ ಹಾಲಿನ ಪ್ಯಾಕೆಟ್ ತರಲು ಕೆಳಗಿಳಿದವನು ಗೇಟಿನ ಹತ್ತಿರ ನಿಂತುಬಿಟ್ಟೆ. ಗ್ರೀಸಿನ ವಾಸನೆ ಬರುತ್ತಿತ್ತು. ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಹೊತ್ತಿನ ವಾಸನೆಗಳೆಂದರೆ ಫಿನಾಯಿಲು, ಯಾರದೋ ಮನೆಯ ಒಗ್ಗರಣೆ, ಜಿಮ್ಮಿಗೆ ಹೊರಟವರು ಬಳಿದುಕೊಂಡ ಸೆಂಟು. ಗ್ರೀಸು ಅಪರೂಪ. ಹೊರಗೆ ಇಣುಕಿದರೆ, ರಸ್ತೆಯ ಬದಿಗೆ ಒಂದು ಹಳೆಯ ಕಾರು, ಅದರ ಹಿಂದೆ ಹಸಿರು ಬಣ್ಣ ಬಳಿದ ಎರಡು ಚಕ್ರದ ದೋಸೆ ಬಂಡಿ. ಗಂಡ ಹೆಂಡತಿ ಇಬ್ಬರೇ ಅದನ್ನು ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸುತ್ತಿದ್ದರು. ಬಂಡಿ ಹೊಸದು, ವ್ಯಾಪಾರವೂ ಹೊಸದೆಂದು ಕಾಣುತ್ತಿತ್ತು. ಮುಂದಿನ ಗಾಜಿಗೆ ಕಟ್ಟಿದ್ದ ನಿಂಬೆಹಣ್ಣು ಇನ್ನೂ ಬಾಡಿರಲಿಲ್ಲ.

ನನಗೇನೂ ಸಂಬಂಧವಿಲ್ಲದ ಕೆಲಸ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕುರ್ಚಿ ಸವೆಸಿ ಮನೆಗೆ ಬಂದವನು ನಾನು. ಸ್ಕೂಟರಿನ ಪ್ಲಗ್ ಕೂಡ ಬಿಚ್ಚಲು ಬಾರದು ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ, ಅದು ನಿಜವೂ ಹೌದು. ಹಾಲು ತೆಗೆದುಕೊಂಡು ಮೇಲೆ ಹೋಗಬಹುದಿತ್ತು. ಆದರೆ ಆ ಹೆಂಗಸು ಎಡಗೈಯಲ್ಲಿ ಫೋನು ಹಿಡಿದುಕೊಂಡೇ, ಬಲಗೈ ಒಂದರಲ್ಲೇ ಬಂಡಿಯ ಮೂತಿಯನ್ನು, ಅಂದರೆ ಮುಂದಿನ ಕಬ್ಬಿಣದ ತುದಿಯನ್ನು, ಎತ್ತಿ ಕೊಂಡಿಯ ಮೇಲೆ ಕೂರಿಸಿದಳು. ಹೂವಿನ ಬುಟ್ಟಿ ಎತ್ತಿದಷ್ಟು ಸಲೀಸಾಗಿ. ಮೂತಿ ಅಷ್ಟು ಹಗುರವಾಗಿರಬಾರದು. "ಆಗಂಡಿ!" ನಿಲ್ಲಿ ಎಂದು ತೆಲುಗಿನಲ್ಲಿ ಕೂಗಿದೆ. ವಾಚ್‌ಮನ್ ಬೆಚ್ಚಿ ಎದ್ದು ನಿಂತ. ಅವರಿಬ್ಬರೂ ನನ್ನನ್ನು ಪೊಲೀಸಿನವನೋ ಎಂಬಂತೆ ನೋಡಿದರು.

ಬಂಡಿಯ ಹಿಂದಿನ ಬಾಗಿಲು ತೆರೆಸಿದೆ. ನಾನು ಎಣಿಸಿದಂತೆಯೇ ಇತ್ತು. ಗಿರಾಕಿಗಳು ನಿಲ್ಲುವುದು ಹಿಂದಿನ ಕಡೆ, ಆದ್ದರಿಂದ ಕಬ್ಬಿಣದ ಹಂಚು, ಎರಡು ಗ್ಯಾಸ್ ಸಿಲಿಂಡರ್, ಹಿಟ್ಟಿನ ಡಬ್ಬಿಗಳು ಎಲ್ಲವನ್ನೂ ಕೈಗೆ ಸಿಗಲೆಂದು ಹಿಂದೆಯೇ ಇಟ್ಟಿದ್ದರು. ಮುಂದಿನ ಭಾಗ ಖಾಲಿ. ನನಗೆ ತಿಳಿದ ತೆಲುಗಿನಲ್ಲಿ ತಿಳಿಸಿ ಹೇಳಿ, ಸಿಲಿಂಡರುಗಳನ್ನೂ ಹಂಚನ್ನೂ ಚಕ್ರಕ್ಕಿಂತ ಮುಂದಕ್ಕೆ ತರಿಸಿ, ಹಗ್ಗದಿಂದ ಬಿಗಿಸಿ, ಕೊಂಡಿ ಬಿಚ್ಚಿ ಮತ್ತೊಮ್ಮೆ ಮೂತಿ ಎತ್ತಲು ಹೇಳಿದೆ. ಈ ಸಲ ಗಂಡ ಎತ್ತಿದ. ಎರಡೂ ಕೈ ಹಾಕಿ, "ಹ್ಞಾ" ಎಂದು ಉಸಿರು ಬಿಟ್ಟು, ಸೊಂಟ ನೆಟ್ಟಗೆ ಮಾಡಿದ. "ಈಗ ಸರಿ" ಎಂದೆ. "ನೀವು ಈ ಲೈನಿನವರಾ ಅಂಕಲ್?" ಎಂದು ಕೇಳಿದ. ನಾನಲ್ಲ, ನಮ್ಮ ಕಾಕಾ ಎಂದೆ. ಆ ಹೆಂಗಸು ಫೋನನ್ನು ಬ್ಲೌಸಿನೊಳಗೆ ಸೇರಿಸಿ ನನಗೆ ಕೈ ಮುಗಿದಳು. ಆ ನಮಸ್ಕಾರ ತೆಗೆದುಕೊಳ್ಳಲು ನಾಚಿಕೆಯಾಗಿ ಬೇಗ ಬೇಗ ಮೇಲೆ ಬಂದೆ. ಹಾಲಿನ ಪ್ಯಾಕೆಟ್ ಗೇಟಿನಲ್ಲೇ ಉಳಿಯಿತು.

ವಾಮನ ಕಾಕಾ ನಮ್ಮ ಅಪ್ಪನ ಕೊನೆಯ ತಮ್ಮ. ನನಗಿಂತ ಹನ್ನೊಂದೇ ವರ್ಷಕ್ಕೆ ದೊಡ್ಡವನು, ಹಾಗಾಗಿ ನಾನು ಅವನನ್ನು ಎಂದೂ ಬಹುವಚನದಲ್ಲಿ ಕರೆದವನಲ್ಲ, ಈಗ ಬರೆಯುವಾಗಲೂ ಅದು ಬರುವುದಿಲ್ಲ. ಗುಲಬರ್ಗಾದ ಕಡೆಯಿಂದ ಅಜ್ಜನ ಕಾಲಕ್ಕೆ ಹೈದರಾಬಾದಿಗೆ ಬಂದ ಮನೆತನ ನಮ್ಮದು. ಅಜ್ಜ ಸರಕಾರಿ ನೌಕರ, ಅಪ್ಪ ಸರಕಾರಿ ನೌಕರ, ದೊಡ್ಡ ಕಾಕಾ ಸರಕಾರಿ ನೌಕರ. ಮದುವೆಗೆ ಹೆಣ್ಣು ನೋಡಲು ಹೋದಾಗ ನಮ್ಮವರು ಮೊದಲು ಹೇಳುತ್ತಿದ್ದದ್ದು ಇಲಾಖೆಯ ಹೆಸರು, ಆಮೇಲೆ ಹುಡುಗನ ಹೆಸರು. ಇಂಥ ಮನೆಯಲ್ಲಿ ವಾಮನ ಕಾಕಾ ಎರಡು ಸಲ ಪರೀಕ್ಷೆಗೆ ಕೂತು, ಎರಡು ಸಲವೂ ಅರ್ಧಕ್ಕೇ ಎದ್ದು ಬಂದು, ಒಂದು ಹಳೆಯ ಜೀಪು ಕೊಂಡು, ಅದರ ಹಿಂದೆ ಜನರೇಟರ್ ಕಟ್ಟಿಕೊಂಡು ಮದುವೆ ಮನೆಗಳಿಗೆ ಕರೆಂಟು ಕೊಡುವ ಉದ್ಯೋಗ ಹಿಡಿದ. ಅಪ್ಪ ಒಂದು ವರ್ಷ ಅವನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ನನ್ನ ಅಕ್ಕನ ಮದುವೆಯಲ್ಲಿ ಸರಿಯಾಗಿ ಅಕ್ಷತೆಯ ಹೊತ್ತಿಗೆ ಲೈಟು ಹೋಯಿತು, ಕಾಕಾ ಎರಡೇ ನಿಮಿಷದಲ್ಲಿ ಇಡೀ ಮಂಟಪ ಝಗಝಗ ಮಾಡಿದ. ಅಲ್ಲಿಂದ ಮಾತು ಶುರುವಾಯಿತು.

ಹಿಮಾಯತ್‌ನಗರದ ನಮ್ಮ ಬಾಡಿಗೆ ಮನೆಯ ಪಕ್ಕದ ಓಣಿಯಲ್ಲಿ ಅವನ ಎರಡು ಟ್ರೇಲರುಗಳು ನಿಲ್ಲುತ್ತಿದ್ದವು. ಒಂದು ಜನರೇಟರಿನದು, ಇನ್ನೊಂದು ಪೆಂಡಾಲಿನ ಕಂಬ, ವೈರು, ಲೈಟಿನ ಸರ ಒಯ್ಯುವ ತೆರೆದ ಟ್ರೇಲರು. ಹೊರಡುವ ಮುಂಚೆ, ಮದುವೆ ಮನೆಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರೂ, ಕಾಕಾ ಒಂದು ಕೆಲಸ ಬಿಡುತ್ತಿರಲಿಲ್ಲ. ಜೀಪಿನ ಕೊಂಡಿಗೆ ಸಿಕ್ಕಿಸುವ ಆ ಉದ್ದನೆಯ ಕಬ್ಬಿಣದ ತುದಿಯನ್ನು ಅವನು ಮೂತಿ ಎನ್ನುತ್ತಿದ್ದ. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಅಂಗೈ ಕೆಳಗೆ ಕೊಟ್ಟು, ಕಣ್ಣು ಮುಚ್ಚಿ ಮೆಲ್ಲಗೆ ಎತ್ತುತ್ತಿದ್ದ. ಒಂದು ಕ್ಷಣ ಹಾಗೇ ಹಿಡಿದು ಇಳಿಸುತ್ತಿದ್ದ. "ಸರಿ ಐತಿ" ಎಂದರೆ ಜೀಪು ಹೊರಡಬೇಕು. "ಇಲ್ಲ" ಎಂದರೆ ಎಲ್ಲ ಸಾಮಾನು ಬಿಚ್ಚಿ ಹಿಂದುಮುಂದು ಮಾಡಿ ಮತ್ತೆ ಕಟ್ಟಬೇಕು. ಮಂಡಿಗೆ ಗ್ರೀಸು, ಅಂಗೈಗೆ ಗ್ರೀಸು. ಕಾಕೂ, ಅಂದರೆ ಅವನ ಹೆಂಡತಿ, ಅವನ ಪ್ಯಾಂಟುಗಳನ್ನು ಬೇರೆಯೇ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಒಮ್ಮೆ ನಾನು ಕೇಳಿದೆ, ಇಷ್ಟು ದೊಡ್ಡ ಜೀಪು ಎಳೆಯುತ್ತದಲ್ಲ, ಮೂತಿ ಹಗುರವಾಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು. ಬಿ.ಎ. ಓದಿದವನ ಪ್ರಶ್ನೆ. ಕಾಕಾ ನಕ್ಕು ನನ್ನ ಹಿಂದೆ ಬಂದು ನಿಂತು ನನ್ನ ಹೆಗಲ ಮೇಲೆ ಕೈ ಇಟ್ಟ.

"ಈಗ ನಡಿ," ಎಂದ. ನಡೆದೆ. ಅವನೂ ನನ್ನ ಹಿಂದೆ ಬಂದ. "ಆರಾಮ ಐತೇನು? ಈಗ ನೋಡು." ಪೂರಾ ಮೈ ನನ್ನ ಮೇಲೆ ಬಿಟ್ಟ. ನಾನು ಹಿಂದಕ್ಕೆ ವಾಲಿದೆ, ಕಾಲು ನೆಲಕ್ಕೆ ಹತ್ತಲಿಲ್ಲ. "ಇದು ಭಾಳ ಆತು. ಜೀಪಿನ ಹಿಂಬದಿ ಕುಂದರತೈತಿ, ಮೂಗು ಮ್ಯಾಲೆ ಏಳತೈತಿ, ಸ್ಟೇರಿಂಗ್ ಮಾತು ಕೇಳಂಗಿಲ್ಲ. ಈಗ ನಾ ಕೈ ಬಿಟ್ಟೆ ಅಂತ ತಿಳಕೊ. ನಾ ಎತ್ತಾಗ ಹೊಂಟೀನಿ ನಿನಗ ಗೊತ್ತಾಗತೈತೇನು? ನಾ ಆ ಕಡೆ ಈ ಕಡೆ ಓಲಾಡಿ ನಿನ್ನೂ ಕೆಡವತೀನಿ. ಹಿಂದ ಬರೂ ಮನಷ್ಯಾ ಹೆಗಲ ಮ್ಯಾಲೆ ಒಂದೀಟು ಕೈ ಇಟ್ಟಿರಬೇಕೋ. ಹತ್ತು ಪಾಲಿನಾಗ ಒಂದು ಪಾಲು, ಇಲ್ಲಾ ಚೂರು ಜಾಸ್ತಿ. ಅಷ್ಟ."

ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಮೂತಿಯ ಮೇಲೆ ಎನ್ನುವುದನ್ನು ಅವನು ಸುಮ್ಮನೆ ಹೇಳಿರಲಿಲ್ಲ. ಟ್ರೇಲರ್ ಕೊಂಡ ಹೊಸದರಲ್ಲಿ ಅದನ್ನು ಧರ್ಮಕಾಂಟಾಕ್ಕೆ ಎಳೆದುಕೊಂಡು ಹೋಗಿದ್ದ. ಲಾರಿಗಳನ್ನು ಸಾಮಾನಿನ ಸಮೇತ ನಿಲ್ಲಿಸಿ ತೂಗುವ ಆ ದೊಡ್ಡ ತಕ್ಕಡಿಗೆ ನಮ್ಮ ಊರಲ್ಲಿ ಹಾಗೆನ್ನುತ್ತಾರೆ. ಮೊದಲು ಇಡೀ ಟ್ರೇಲರ್ ತೂಗಿಸಿದ. ಆಮೇಲೆ ಚಕ್ರಗಳನ್ನು ನೆಲದ ಮೇಲೆ ಬಿಟ್ಟು ಮೂತಿಯನ್ನಷ್ಟೇ ತಕ್ಕಡಿಯ ಅಂಚಿನ ಮೇಲೆ ಇಟ್ಟು ತೂಗಿಸಿದ. ಸಾಮಾನು ಹಿಂದೆ ಸರಿಸಿ ಒಮ್ಮೆ, ಮುಂದೆ ಸರಿಸಿ ಒಮ್ಮೆ. ಪ್ರತಿ ಸಲವೂ ಕೈಯಿಂದ ಎತ್ತಿ ನೋಡಿ, ಆ ತೂಕವನ್ನು ಅಂಗೈಗೆ ಕಲಿಸಿದ. ಹಿಂದೆ ಸಾಲುಗಟ್ಟಿದ್ದ ಲಾರಿಯವರು ದಖನಿ ಉರ್ದುವಿನಲ್ಲಿ ಅವನ ಇಡೀ ಖಾನ್‌ದಾನಿಗೆ ಬೈದರಂತೆ. ಇದನ್ನು ಹೇಳುವಾಗ ಅವನು ಆ ಬೈಗುಳಗಳನ್ನು ಒಂದೂ ಬಿಡದೆ ಹೇಳುತ್ತಿದ್ದ, ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆ ಕೈ ಕಲಿತದ್ದು ಟ್ರೇಲರಿಗಷ್ಟೇ ನಿಲ್ಲಲಿಲ್ಲ. ನಮ್ಮ ಬಳಗದಲ್ಲಿ ಕೂಸು ಹುಟ್ಟಿದರೆ ಕಾಕಾ ಹೋಗಿ ಎರಡೂ ಅಂಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ತೂಕ ಹೇಳಬೇಕು. ನರ್ಸು ಬರೆದ ಚೀಟಿ ಆಮೇಲೆ ತೆಗೆಯಬೇಕು. ನನ್ನ ಮಗಳು ಹುಟ್ಟಿದಾಗ "ಎರಡೂ ಮುಕ್ಕಾಲಿಗೆ ಒಂದು ಚಮಚ ಕಮ್ಮಿ" ಎಂದಿದ್ದ. ಚೀಟಿಯಲ್ಲೂ ಸುಮಾರು ಹಾಗೇ ಇತ್ತು. ಕಲ್ಲಂಗಡಿ ತರಲು ಅವನನ್ನೇ ಕಳಿಸುತ್ತಿದ್ದರು. ಎರಡು ಹಣ್ಣು ಎರಡು ಕೈಯಲ್ಲಿ ಹಿಡಿದು, ಒಂದನ್ನು ಕೆಳಗಿಟ್ಟು, ಇನ್ನೊಂದನ್ನು ತರುತ್ತಿದ್ದ. ಅದು ಒಳಗೆ ಕೆಂಪಾಗಿರದ ದಿನ ನಾನು ಕಂಡಿಲ್ಲ. ಸರಕಾರಿ ನೌಕರರ ಮನೆಯಲ್ಲಿ ಇದೊಂದು ಅವನ ಪದವಿ. ಅದನ್ನು ಅವನು ಭಾಳ ಇಷ್ಟಪಡುತ್ತಿದ್ದ ಎನ್ನುವುದು ನನಗೆ ಅರ್ಥವಾದದ್ದು ಅದು ಹೋದ ಮೇಲೆ.

ಇನ್ನು ಆ ದಿನಕ್ಕೆ ಬರಬೇಕು. ಇಷ್ಟು ಹೊತ್ತು ಕಲ್ಲಂಗಡಿ ಎಂದು ಕಾಲ ತಳ್ಳಿದ್ದು ಯಾಕೆಂದು ನಿಮಗೆ ಹೊಳೆದಿರಬೇಕು.

ಹದಿನಾಲ್ಕು ವರ್ಷದ ಹಿಂದೆ ಅಪ್ಪ ಶಂಶಾಬಾದಿನಲ್ಲಿ ಸ್ವಂತ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಬೆಳಗಿನ ಒಂಬತ್ತೂವರೆಯೊಳಗೆ ಮುಹೂರ್ತ. ದೊಡ್ಡ ಸಾಮಾನು ಹಿಂದಿನ ದಿನವೇ ಲಾರಿಯಲ್ಲಿ ಹೋಗಿತ್ತು. ಉಳಿದ ಟ್ರಂಕು, ಕಪಾಟು, ಹಂಡೆ, ಅಟ್ಟದ ಮೇಲಿನ ಪಾತ್ರೆಪಗಡ, ಇವಕ್ಕೆಲ್ಲ ಕಾಕಾನ ತೆರೆದ ಟ್ರೇಲರ್. ಇವುಗಳ ಜೊತೆಗೆ ಒಳಕಲ್ಲು. ಅಜ್ಜಿಯ ಅತ್ತೆಯ ಕಾಲದ, ಇಬ್ಬರು ಹಿಡಿದರೂ ಏದುಸಿರು ಬರಿಸುವ ಕರಿಯ ಒಳಕಲ್ಲು, ಅದರ ಗುಂಡು ಸಮೇತ. ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಹೊಸ ಮನೆಯ ಹೊಸ್ತಿಲನ್ನು ಸಾಮಾನುಗಳಲ್ಲಿ ಮೊದಲು ದಾಟಬೇಕಾದದ್ದು ಒಳಕಲ್ಲು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರೊಳಗೆ ಹಿಡಿ ಅಕ್ಕಿ ಹಾಕಿ, ಒಳಗೆ ಇಟ್ಟ ಮೇಲೆ ಉಳಿದದ್ದು. ಹತ್ತು ವರ್ಷದಿಂದ ಮನೆಯಲ್ಲಿ ಮಿಕ್ಸಿ ಇತ್ತು, ಆ ಕಲ್ಲಿನಲ್ಲಿ ಯಾರೂ ಒಂದು ಮೆಣಸಿನಕಾಯಿ ಅರೆದಿರಲಿಲ್ಲ. ಆದರೂ ಪದ್ಧತಿ ಪದ್ಧತಿಯೇ.

ಕಾಕಾ ಬೆಳಿಗ್ಗೆ ಆರಕ್ಕೇ ಬಂದು ತಾನೇ ನಿಂತು ಹೇರಿಸಿದ. ಒಳಕಲ್ಲನ್ನು ಚಕ್ರಕ್ಕಿಂತ ಮುಂದೆ, ಮೂತಿಯ ಕಡೆಗೆ ಇರಿಸಿ, ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಗಂಟು. ಮೂತಿ ಎತ್ತಿದ. "ಇಲ್ಲ" ಎಂದು ಹಂಡೆಯನ್ನು ಸ್ವಲ್ಪ ಹಿಂದೆ ಸರಿಸಿದ. ಮತ್ತೆ ಎತ್ತಿದ. "ಸರಿ ಐತಿ." ಕೊಂಡಿಗೆ ಸಿಕ್ಕಿಸಿ, ಪಿನ್ನು ಹಾಕಿ, ಮನೆಯ ಮಾಲಕರಿಗೆ ಹೋಗಿ ಬರುತ್ತೇವೆಂದು ಹೇಳಲು ಮೇಲಿನ ಮಹಡಿಗೆ ಹೋದ. ಅವರು ಚಹಾಕ್ಕೆ ಕೂರಿಸಿಕೊಂಡರು.

ಆಗ ಅವ್ವ ಹೊರಗೆ ಬಂದಳು. "ಒಳ್ಳು ಎಲ್ಲೈತೋ?" ಎಂದಳು. ತೋರಿಸಿದೆ. "ಅಯ್ಯ, ಎಲ್ಲಾದರ ಬುಡಕ ಇಟ್ಟೀರಲ್ಲೋ! ಅದು ಮದಲ ಒಳಗ ಹೋಗಬೇಕು. ಅಲ್ಲಿ ಹೋಗಿ ಟ್ರಂಕು ಗಂಟು ಎಲ್ಲಾ ಇಳಿಸಿ ಅದನ್ನ ತಗಿಯೂದರಾಗ ಮುಹೂರ್ತ ಮೀರಿ ಹೋಗತೈತಿ. ಹಿಂದ ಹಲಗಿಗೆ ಹಚ್ಚಿ ಇಡು. ಹಲಗಿ ತಗದ ಕೂಡಲೇ ಕೈಗೆ ಸಿಗಬೇಕು."

"ಕಾಕಾ ನೋಡಿ ಇಟ್ಟಾನವ್ವ," ಎಂದೆ.

"ಅವನಿಗೇನು ಗೊತ್ತು ಶಾಸ್ತ್ರ? ನೀ ಇಡು."

ಅವ್ವ ಹಿಂದಿನ ದಿನದಿಂದ ನೀರೂ ಕುಡಿಯದೆ ಓಡಾಡುತ್ತಿದ್ದಳು. ಸ್ವಂತ ಮನೆಗಾಗಿ ಮೂವತ್ತೈದು ವರ್ಷ ಕಾದವಳು. ಅವಳಿಗೆ ಇಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ. ಇದನ್ನು ನಾನು ನನ್ನ ಪರವಾಗಿ ಹೇಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಪಕ್ಕದ ಮನೆಯ ಇಬ್ಬರನ್ನು ಕರೆದು, ಟ್ರಂಕು ಎತ್ತಿ, ಒಳಕಲ್ಲನ್ನೂ ಗುಂಡನ್ನೂ ಹಿಂದಿನ ಹಲಗೆಗೆ ತಾಗಿಸಿ ಇಟ್ಟೆ. ಖಾಲಿಯಾದ ಜಾಗಕ್ಕೆ ಹಾಸಿಗೆಯ ಸುರುಳಿ ತುರುಕಿ, ಟ್ರಂಕನ್ನು ಮೊದಲಿದ್ದಂತೆಯೇ ಮೇಲಿಟ್ಟು, ಹಗ್ಗವನ್ನೂ ಅವನು ಕಟ್ಟಿದ ಹಾಗೆಯೇ ಕಟ್ಟಿದೆ. ಮೇಲಿನಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕಾಕಾ ಇಳಿದು ಬಂದ. ಹೇಳಿದರೆ ಎಲ್ಲ ಬಿಚ್ಚಿಸುತ್ತಾನೆ, ಅವ್ವನಿಗೂ ಅವನಿಗೂ ಜಗಳವಾಗುತ್ತದೆ, ತಡವಾಗುತ್ತದೆ. ಒಂದು ಕಲ್ಲಿನಿಂದ ಏನಾದೀತು ಎಂದುಕೊಂಡು ಸುಮ್ಮನಾದೆ. ಅಪ್ಪ ಅವ್ವ ಕಾರಿನಲ್ಲಿ ಮುಂದೆ ಹೋದರು. ನಾನು ದೇವರ ಪಟಗಳನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕಾಕಾನ ಪಕ್ಕ ಕೂತೆ.

ಊರೊಳಗೆ ಸಿಗ್ನಲ್ಲು, ಗದ್ದಲ, ನಿಧಾನದ ಓಟ, ಏನೂ ಅನ್ನಿಸಲಿಲ್ಲ. ಆರಾಂಘರ್ ದಾಟಿ ದೊಡ್ಡ ರಸ್ತೆಗೆ ಬಿದ್ದು ವೇಗ ಹೆಚ್ಚಿದ ಮೇಲೆ ಕಾಕಾ ಕನ್ನಡಿಯಲ್ಲಿ ನೋಡತೊಡಗಿದ. ಒಮ್ಮೆ ನೋಡಿದ, ಎರಡು ಸಲ ನೋಡಿದ. ಸೀಟಿನ ಮೇಲೆ ಸರಿದು ಕೂತ.

"ಹಿಂದ ಯಾಕೋ ಹಗೂರ ಅನಸಾಕತ್ತೈತಿ," ಎಂದ. "ಮೂತಿ ಕುಣ್ಯಾಕತ್ತೈತಿ. ನಾ ನೋಡಿದ್ದೆನಲ್ಲೋ."

ನಾನು ಪಟಗಳನ್ನು ಸರಿಯಾಗಿ ಹಿಡಿದುಕೊಂಡೆ.

"ಒಂದೀಟು ನಿಲ್ಲಿಸಿ ನೋಡೂಣೇನು?"

ನಾನು ಗಡಿಯಾರ ನೋಡಿದೆ. ಒಂಬತ್ತಾಗಲು ಹತ್ತು ನಿಮಿಷವಿತ್ತು. "ಮುಹೂರ್ತ ಮೀರತೈತಿ ಕಾಕಾ. ಸಾವಕಾಶ ಹೋಗೂಣ, ಏನಾಗಂಗಿಲ್ಲ," ಎಂದೆ. ನನ್ನ ಬಾಯಿಂದ ಬಂದ ಮಾತು ಇದು. ಹದಿನಾಲ್ಕು ವರ್ಷದಲ್ಲಿ ಎಷ್ಟು ಸಲ ಇದನ್ನು ಬಾಯೊಳಗೇ ಬೇರೆ ಮಾಡಿ ಹೇಳಿ ನೋಡಿದ್ದೇನೋ ಲೆಕ್ಕವಿಲ್ಲ.

ಮುಂದೆ ಒಂದು ಇಳಿಜಾರು. ಪಕ್ಕದಿಂದ ಒಂದು ಬಸ್ಸು ರಭಸವಾಗಿ ದಾಟಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಎಡಕ್ಕೆ ಬೀಸಿತು, ಬಲಕ್ಕೆ ಬೀಸಿತು, ಪ್ರತಿ ಸಲವೂ ಮೊದಲಿಗಿಂತ ಜೋರಾಗಿ. ಜೀಪಿನ ಹಿಂಭಾಗವನ್ನೇ ಹಿಡಿದು ಅಲುಗಾಡಿಸಿದಂತಾಯಿತು. ಕಾಕಾ ಗಾಬರಿಯಾಗಲಿಲ್ಲ. ಬ್ರೇಕು ಒತ್ತಲಿಲ್ಲ, ಆಕ್ಸಿಲರೇಟರಿನಿಂದ ಕಾಲು ತೆಗೆದ, ಸ್ಟೇರಿಂಗನ್ನು ನೆಟ್ಟಗೆ ಹಿಡಿದ. ಮಾಡಬೇಕಾದದ್ದನ್ನೆಲ್ಲ ಮಾಡಿದ ಎಂದು ಆಮೇಲೆ ಬಲ್ಲವರು ಹೇಳಿದರು. ಇಳಿಜಾರು ಕೈಕೊಟ್ಟಿತು. ಟ್ರೇಲರ್ ಅಡ್ಡ ತಿರುಗಿ ಜೀಪನ್ನು ರಸ್ತೆಯಿಂದ ಕೆಳಗೆ ನೂಕಿತು, ಜೀಪು ಬಲಮಗ್ಗುಲಿಗೆ ಉರುಳಿತು. ನನ್ನ ಹಣೆಗೆ ಪಟದ ಗಾಜು ಚುಚ್ಚಿ ಮೂರು ಹೊಲಿಗೆ. ಕಾಕಾನ ಬಲಗೈ ಜೀಪಿನ ಕೆಳಗೆ ಸಿಕ್ಕಿತ್ತು. ಜನ ಸೇರಿ ಜೀಪು ಎತ್ತುವವರೆಗೆ ಅವನು ಒಂದು ಸಲವೂ ಅಯ್ಯೋ ಎನ್ನಲಿಲ್ಲ. "ನಿನಗೇನಾಗಿಲ್ಲಲ್ಲೋ, ನಿನಗೇನಾಗಿಲ್ಲಲ್ಲೋ" ಎಂದು ನನ್ನನ್ನೇ ಕೇಳುತ್ತಿದ್ದ. ಒಳಕಲ್ಲಿಗೆ ಏನೂ ಆಗಿರಲಿಲ್ಲ. ಹಲಗೆ ಮುರಿದು ಹುಲ್ಲಿನ ಮೇಲೆ ನೆಟ್ಟಗೆ ಕೂತಿತ್ತು.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ರಾಡು ಹಾಕಿದರು. ಎರಡನೆಯ ದಿನ ಕಾಕಾನಿಗೆ ಎಚ್ಚರವಾದಾಗ ಕಾಕೂ ತಲೆದಿಂಬಿನ ಪಕ್ಕ ಕೂತಿದ್ದಳು, ಅವ್ವ ಬಾಗಿಲಲ್ಲಿದ್ದಳು, ನಾನು ಮಂಚದ ಕಾಲ ಬಳಿ ನಿಂತಿದ್ದೆ. ಅವನು ಮೊದಲು ಆಡಿದ ಮಾತು, "ನಾ ನೋಡಿದ್ದೆ. ಮೂತಿ ಸರಿ ಇತ್ತು."

"ಇರಲಿ ಸುಮ್ಮಕಿರ್ರಿ," ಎಂದಳು ಕಾಕೂ.

"ಇಲ್ಲಲೇ. ಎರಡು ಸಲ ಎತ್ತಿ ನೋಡೀನಿ. ಸರಿ ಇತ್ತು."

"ಸರಿ ಇದ್ದಿದ್ದರ ಹಿಂಗ್ಯಾಕ ಆಗತಿತ್ರಿ? ವಯಸ್ಸಾತು ನಿಮಗ. ಆ ಹೊತ್ತಿನ ಗಡಿಬಿಡಿಯಾಗ ತಪ್ಪಿರತೀರಿ. ಜೀವ ಉಳೀತು, ಸಾಕು."

ಕಾಕಾ ನನ್ನ ಕಡೆ ನೋಡಿದ. "ನೀ ಇದ್ದೆಲ್ಲೋ ಅಲ್ಲೇ. ನಾ ನೋಡಿದ್ದೆ ಹೌದಿಲ್ಲೋ?" ನಾನು "ಹೌದು ಕಾಕಾ" ಎಂದೆ. ಅದು ಸುಳ್ಳಲ್ಲ. ಅದರ ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಕಾರಿಡಾರಿನಲ್ಲಿ ಅವ್ವ ನನ್ನ ರಟ್ಟೆ ಹಿಡಿದು, "ಈಗ ಬ್ಯಾಡೋ, ಅಂವ ಮದಲ ಏಳಲಿ. ಆಮ್ಯಾಲೆ ನಾನ ಹೇಳತೀನಿ," ಎಂದಳು. ಅವಳ ಕಣ್ಣಲ್ಲಿ ನೀರು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಕಾದೇ ಇದ್ದೆ ಎನ್ನುವುದು ಸರಿ. ಆಮೇಲೆ ಎನ್ನುವುದು ಬರಲಿಲ್ಲ. ಎರಡು ವರ್ಷಕ್ಕೆ ಅವ್ವ ತೀರಿಕೊಂಡಳು. ನಾನು ಇಂದು, ನಾಳೆ, ಈ ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಮುಂದೂಡುತ್ತಾ ಹೋದೆ. ಹಳೆಯದಾದಷ್ಟೂ ಹೇಳುವುದು ಕಷ್ಟವಾಯಿತು.

ಕೈ ಸುಮಾರು ವಾಸಿಯಾಯಿತು. ಜೀಪು ನಡೆಸಬಹುದು ಎಂದು ಡಾಕ್ಟರೇ ಹೇಳಿದ್ದರು. ಆದರೆ ಕಾಕಾ ಜೀಪು, ಜನರೇಟರ್, ಎರಡೂ ಟ್ರೇಲರು ಮಾರಿಬಿಟ್ಟ. ಹಳೆಯ ಗಿರಾಕಿಗಳು ಬಂದು ಕರೆದರೆ, "ನನ್ನ ಕೈಯಾಗ ಈಗ ಖರೆ ಉಳಿದಿಲ್ರಿ" ಎನ್ನುತ್ತಿದ್ದ. ಹಿಮಾಯತ್‌ನಗರ ಬಿಟ್ಟು ಶಂಶಾಬಾದಿಗೇ ಬಂದು, ಒಂದು ಗೋದಾಮಿನ ಗೇಟಿನಲ್ಲಿ ಒಳಬರುವ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ ಹಿಡಿದ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತಿದ್ದ, ಓಣಿಯ ತುದಿಯಿಂದ ವಾಪಸು ಬಂದು ಮತ್ತೆ ಜಗ್ಗುತ್ತಿದ್ದ. ಅಕ್ಕನ ಮಗಳಿಗೆ ಕೂಸು ಹುಟ್ಟಿದಾಗ ಎಲ್ಲರೂ ಸೇರಿ ಅವನ ಮುಂದೆ ಹಿಡಿದರು. ಕಾಕಾ ಕೈ ಹಿಂದೆ ಕಟ್ಟಿಕೊಂಡು, "ಮಿಶನ್ ಮ್ಯಾಲೆ ಇಡ್ರಿ, ಅದು ಸರಿಯಾಗಿ ಹೇಳತೈತಿ," ಎಂದು ನಕ್ಕ. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಳು ಬಂತೆಂದು ಹೇಳಲು ಸಂಕೋಚವಿಲ್ಲ. ಅಷ್ಟಾದರೂ ಹೊರಗೆ ಬಂದು ಸಿಹಿ ತಿಂದೆ, ಏನೂ ಹೇಳಲಿಲ್ಲ.

ದೋಸೆ ಬಂಡಿಯ ಆ ಹೆಂಗಸು ಕೈ ಮುಗಿದ ಮೇಲೆ ನಾಲ್ಕು ದಿನ ನನಗೆ ಸಮಾಧಾನವಿರಲಿಲ್ಲ. ಯಾರೋ ಅಪರಿಚಿತರಿಗೆ ನಿಮಿಷದಲ್ಲಿ ಹೇಳಿದ್ದನ್ನು ಹೇಳಬೇಕಾದವನಿಗೆ ಹದಿನಾಲ್ಕು ವರ್ಷ ಹೇಳಲಿಲ್ಲವಲ್ಲ. ಭಾನುವಾರ ಹೆಂಡತಿಗೂ ತಿಳಿಸದೆ ಶಂಶಾಬಾದಿಗೆ ಹೋದೆ. ಕಾಕೂ ಗುಡಿಗೆ ಹೋಗಿದ್ದಳು. ಕಾಕಾ ಹಿತ್ತಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ. ತಾನು ಕೂತ ಚಾಪೆಯಲ್ಲೇ ಜಾಗ ಮಾಡಿಕೊಟ್ಟ. ನಾನು ಕೂರದೆ, ನಿಂತೇ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವ್ವ ಹೇಳಿದ್ದು, ನಾನು ಇಟ್ಟದ್ದು, ಹಗ್ಗ ಅವನು ಕಟ್ಟಿದ ಹಾಗೇ ಕಟ್ಟಿದ್ದು, ನಿಲ್ಲಿಸಿ ನೋಡೋಣವೇ ಎಂದಾಗ ಬೇಡವೆಂದದ್ದು.

ಅವನು ಬಹಳ ಹೊತ್ತು ಬಟಾಣಿ ಸುಲಿದ. ಆಮೇಲೆ ಕೇಳಿದ.

"ಹಲಗಿಗೆ ಹಚ್ಚೇ ಇಟ್ಟಿದ್ದೇನು?"

"ಹೌದು ಕಾಕಾ."

"ಗುಂಡು?"

"ಅದೂ ಅಲ್ಲೇ."

"ಟ್ರಂಕಿನ ಬುಡಕ?"

"ಹಾಸಿಗಿ ಸುರುಳಿ."

ಕಾಕಾ ಕಣ್ಣು ಮುಚ್ಚಿದ. ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡ. ಬಲಗೈ ಪೂರಾ ಬಿಚ್ಚಿಕೊಳ್ಳಲಿಲ್ಲ. ಹಾಗೇ ಸ್ವಲ್ಪ ಹೊತ್ತು ಇದ್ದು, "ಅಷ್ಟು ಹಿಂದ ಹೋದರ ಮೂತಿಯಾಗ ಏನೂ ಉಳಿಯೂದಿಲ್ಲ," ಎಂದ. "ಹಂಗಾರ ನಾ ನೋಡಿದಾಗ ಸರಿ ಇತ್ತು."

ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಮೆಲ್ಲನೆಯ ದನಿಯಲ್ಲಿಯೇ ಹೇಳಿದ, "ಕೈ ಮುರದದ್ದು ಬಿಡು. ಜೀಪು ಹೋತು, ಬಿಡು. ವೈನಿ ಹೇಳಿದಳು, ನೀ ಇಟ್ಟಿ, ಅದೂ ಬಿಡು. ದವಾಖಾನ್ಯಾಗ ನಾ ನಿನ್ನ ಮಾರಿ ನೋಡಿ ಕೇಳಿದೆನಲ್ಲೋ. ಹದಿನಾಲ್ಕು ವರ್ಷ ನಾ ನನ್ನನ್ನ ನಂಬಲಿಲ್ಲ. ಗೊತ್ತೈತೇನು ನಿನಗ, ಅದು ಹೆಂಗ ಇರತೈತಿ?" ಮತ್ತೊಂದು ಬಟಾಣಿ ಕೈಗೆತ್ತಿಕೊಂಡ. "ಹೋಗು ಈಗ. ಆಕಿ ಬಂದರ ಚಾ ಅಂತಾಳ, ಕುಂದರಸತಾಳ. ಅದಕ್ಕೂ ಮುಂಚೆ ಹೋಗು."

ಕ್ಷಮಿಸಿದೆ ಎನ್ನುತ್ತಾನೆ ಎಂದು ನಾನು ಹೋಗಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಬಸ್ಸಿನಲ್ಲಿ ಕೂತು ಅವನು ನನ್ನ ಬೆನ್ನು ತಟ್ಟುವುದನ್ನೂ, ನಾನು ಅಳುವುದನ್ನೂ ಕಲ್ಪಿಸಿಕೊಂಡೇ ಹೋಗಿದ್ದೆ. ವಾಪಸು ಬರುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಕಾಕೂ ಫೋನು ಮಾಡಿದಳು. "ನಿನ್ನಿ ಬಂದಿದ್ದೆಂತಲ್ಲೋ, ಬಾಜೂ ಮನಿಯವರು ಅಂದರು. ಏನು ಹೇಳಿ ಹೋದಿ? ಉಂಡಿಲ್ಲ, ಮಾತಿಲ್ಲ, ಹಿತ್ತಲದಾಗ ಒಬ್ಬರ ಕುಂತಾರ. ಕೇಳಿದರ ಏನೂ ಹೇಳವಲ್ಲರು."

ಏನಿಲ್ಲ ಕಾಕೂ, ಸುಮ್ಮನೆ ಬಂದಿದ್ದೆ, ಎಂಬ ಮಾತು ಬಾಯಲ್ಲಿ ತಯಾರಾಗಿಯೇ ಇತ್ತು. ಹದಿನಾಲ್ಕು ವರ್ಷದ ಅಭ್ಯಾಸ. ಅದನ್ನು ನುಂಗಿ, ಮೊದಲಿನಿಂದ ಕೊನೆಯವರೆಗೆ ಅವಳಿಗೂ ಹೇಳಿದೆ. ಕಟ್ ಆಯಿತೇನೋ ಎಂದು ಎರಡು ಸಲ ಫೋನು ನೋಡಿದೆ.

"ಅಂದರ ಅವರು ದವಾಖಾನ್ಯಾಗ ಹೇಳಿದ್ದು ಖರೇನ ಇತ್ತು," ಎಂದಳು ಕಾಕೂ ಕೊನೆಗೆ. ಅವಳ ದನಿ ನನಗೆ ಗುರುತೇ ಸಿಗಲಿಲ್ಲ. "ನಾನ ಅಲ್ಲೇನೋ ಅವರಿಗೆ ಸುಮ್ಮಕಿರ್ರಿ ಅಂದಾಕಿ? ವಯಸ್ಸಾತು ಅಂದಾಕಿ ನಾನ. ನಾನೂ ನಂಬಲಿಲ್ಲೋ ಅವರನ್ನ."

ಫೋನನ್ನು ಆರಿಸದೆ ಹಾಗೇ ಎಲ್ಲೋ ಇಟ್ಟು ಎದ್ದು ಹೋದಳು. ಕೀಲು ಕಿರುಗುಟ್ಟಿದ ಸದ್ದು, ಹಿತ್ತಲ ಬಾಗಿಲು. ಆಮೇಲೆ ದೂರದಿಂದ ಅವಳ ದನಿ ಬಂತು.

"ಏನ್ರೀ... ನೀವು ಹೇಳಿದ್ದು ಸರಿ ಇತ್ರೀ."

ಕಾಕಾ ಏನೆಂದನೋ ನನಗೆ ಗೊತ್ತಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲವೆನಿಸಿ ಫೋನು ಇಟ್ಟೆ.